ಒಂಬತ್ತು ಸಾಲಿನ ಶಿಫಾರಸು

ಒಂಬತ್ತು ಸಾಲು. ಅವಳು ಮತ್ತೊಮ್ಮೆ ಎಣಿಸಿದಳು. ಸಹಿಗೆಂದು ಬಿಟ್ಟ ಜಾಗ ಸೇರಿಸಿದರೆ ಹತ್ತು.

ಇನ್ನೊಂದನ್ನು ಎಣಿಸುವ ಅಗತ್ಯವೇ ಇರಲಿಲ್ಲ. ಮೊದಲ ಹಾಳೆ ತುಂಬಿ ತುಳುಕಿ ಎರಡನೆಯ ಹಾಳೆಯ ಅರ್ಧದವರೆಗೆ ಹರಿದುಬಂದಿತ್ತು. ಎರಡೂ ಶಿಫಾರಸು ಪತ್ರಗಳೇ. ಎರಡೂ ಒಬ್ಬನದೇ ಕೈಬರಹ. ಒಂಬತ್ತು ಸಾಲಿನದು ಅವಳ ಬಗ್ಗೆ, ಒಂದೂವರೆ ಪುಟದ್ದು ಅವಳು 'ಫಸ್ಟ್ ಬೆಂಚ್' ಎಂದು ಹೆಸರಿಟ್ಟಿದ್ದ ಸಹಪಾಠಿಯ ಬಗ್ಗೆ.

"ಏನಾದ್ರೂ ತಪ್ಪಿದ್ಯಾ?" ಎಂದು ಕೇಳಿದ ಲಿಫ್ಟ್ ಮೆಕ್ಯಾನಿಕ್. ನೀಲಿ ಸಮವಸ್ತ್ರ, ಹೆಗಲಿಗೆ ಸಲಕರಣೆಯ ಚೀಲ, ಗಲ್ಲದ ಮೇಲೆ ಒಂದು ಗೆರೆ ಗ್ರೀಸು. ಪ್ರೆಸ್ಸಿನ ಸರಕಿನ ಲಿಫ್ಟ್ ರಿಪೇರಿಗೆ ಬಂದವನು ಅವಳ ಮೇಜಿಗೇ ಒರಗಿ ನಿಂತಿದ್ದ.

"ಇಲ್ಲ."

"ಒಂದೂ ಇಲ್ವಾ? ನೀನು ನನ್ನ ಬರಹದಲ್ಲಿ ತಪ್ಪು ಹಿಡಿಯದೆ ಬಿಟ್ಟಿದ್ದೇ ಇಲ್ವಲ್ಲ. ಹುಷಾರಾಗಿದೀಯಾ, ಅಡ್ಡಪರಿಣಾಮ?"

ಅವನು ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ಔಷಧಿ ಡಬ್ಬಿಗಳೊಳಗೆ ಮಡಿಸಿಡುವ ಚೀಟಿಗಳನ್ನು ಅಚ್ಚು ಹಾಕುವ ಪ್ರೆಸ್ಸು ಅದು. ಯಾರೂ ಓದದ ಆ ಚೀಟಿಗಳನ್ನು ಮೂರು ಮೂರು ಸಲ ಓದಿ ಕರಡು ತಿದ್ದುವುದು ಅವಳ ಕೆಲಸ. ತಲೆಸುತ್ತು, ವಾಕರಿಕೆ, ಅಪರೂಪಕ್ಕೆ ದೃಷ್ಟಿ ಮಂಜಾಗುವುದು. ಇಷ್ಟು ದಿನ ಆ ಹೆಸರು ಕೇಳಿದರೆ ಒಳಗೊಳಗೇ ಖುಷಿಯಾಗುತ್ತಿತ್ತು. ಇವತ್ತು ಮೈ ಉರಿಯಿತು.

"ಲಿಫ್ಟ್ ಕಾಯ್ತಿದೆ, ಹೋಗು," ಎಂದಳು.

ಅವನು ಪತ್ರಗಳನ್ನು ಎತ್ತಿಕೊಂಡು ಹೋದ. ಹೋಗುವಾಗ ತಿರುಗಿ ನೋಡಿದ. ಅವಳು ನೋಡಲಿಲ್ಲ; ಆದರೆ ತಿರುಗಿ ನೋಡಿದನೆಂದು ಅವಳಿಗೆ ಗೊತ್ತಾಯಿತು.

ಮೂವರೂ ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಪದವಿ ಮುಗಿಸಿದವರು. ಅವಳು, ಲಿಫ್ಟ್ ಮೆಕ್ಯಾನಿಕ್, ಮತ್ತು ಹಲ್ಲಿನ ಡಾಕ್ಟರ ರಿಸೆಪ್ಷನ್ನಿನಲ್ಲಿ ಕೂರುವ, ಭಾಷಣ ಸ್ಪರ್ಧೆಗಳಲ್ಲಿ ಬಹುಮಾನ ಗೆದ್ದ, ಎಂದೂ ಎರಡನೇ ಸಾಲಿನಲ್ಲಿ ಕೂತೇ ಇರದ ಫಸ್ಟ್ ಬೆಂಚ್ ಹುಡುಗಿ. ಅವಳಿಗೂ ಅವನಿಗೂ ಪರಿಚಯ ಬೆಳೆದದ್ದು ಎರಡೂವರೆ ವರ್ಷದ ಹಿಂದೆ, ಕಾಲೇಜಿನ ಮೇಷ್ಟ್ರ ಮನೆಯಲ್ಲಿ ನಡೆಯುವ ಭಾನುವಾರದ ಓದಿನ ಕೂಟದಲ್ಲಿ. ಈಗ ಮೂವರೂ ಸಾಹಿತ್ಯದ ಎಂ.ಎ.ಗೆ ಅರ್ಜಿ ಹಾಕುತ್ತಿದ್ದರು. ಹನ್ನೆರಡು ಸೀಟು. ಮಾರ್ಕ್ಸು ಮೂವರದೂ ಹೇಳಿಕೊಳ್ಳುವಂಥದ್ದಲ್ಲ. ಉಳಿದದ್ದು ಮೇಷ್ಟ್ರ ಶಿಫಾರಸು. ಆ ವಿಭಾಗದಲ್ಲಿ ಮೇಷ್ಟ್ರ ಮಾತಿಗೆ ತೂಕವಿದೆ ಎಂದು ಎಲ್ಲರೂ ಬಲ್ಲರು.

ಆದರೆ ಮೇಷ್ಟ್ರಿಗೆ ಕಣ್ಣಿನ ಆಪರೇಷನ್ ಆಗಿತ್ತು. ಮೂರು ವಾರ ಒಂದಕ್ಷರ ಓದಕೂಡದು, ಬರೆಯಕೂಡದು. ಅರ್ಜಿಗೆ ಶನಿವಾರ ಸಂಜೆ ಐದು ಕೊನೆ. "ನೀವೇ ಬರ್ಕೊಂಡು ಬನ್ನಿ," ಎಂದಿದ್ದರು ಫೋನಿನಲ್ಲಿ. "ಓದಿ ಹೇಳಿ, ನಿಜ ಅನ್ನಿಸಿದ್ರೆ ಸಹಿ ಹಾಕ್ತೀನಿ. ಆದ್ರೆ ಯಾರೂ ತಮ್ಮ ಬಗ್ಗೆ ತಾವೇ ಬರೆಯೋ ಹಾಗಿಲ್ಲ. ಒಬ್ಬರ ಬಗ್ಗೆ ಇನ್ನೊಬ್ಬರು."

ಅವನ ಬಗ್ಗೆ ಅವಳು, ಅವಳ ಬಗ್ಗೆ ಅವನು ಎಂದು ಅಲ್ಲಿಗಲ್ಲಿಗೆ ತೀರ್ಮಾನವಾಗಿತ್ತು. ಅಷ್ಟರಲ್ಲಿ ಫಸ್ಟ್ ಬೆಂಚ್, "ನಂದೂ ನೀವೇ ಬರೀರಿ, ಪ್ಲೀಸ್. ಮೂರೂ ಟೈಪ್ ಮಾಡಿ ಅಪ್‌ಲೋಡ್ ಮಾಡೋ ಕೆಲಸ ನಂದು," ಎಂದಳು. ಅವನು ಹೂಂ ಎಂದುಬಿಟ್ಟ. ಅವನಿಗೆ ಇಲ್ಲ ಎನ್ನಲು ಬಂದಿದ್ದರೆ ತಾನೆ!

ಹೂಂ ಎಂದದ್ದಕ್ಕೆ ಅವಳ ತಕರಾರಿರಲಿಲ್ಲ. ತಕರಾರು ಒಂದೂವರೆ ಪುಟದ್ದು.

"ಕಾವ್ಯದ ಒಳದನಿಗೆ ಕಿವಿಗೊಡುವ ಅಪರೂಪದ ಸಂವೇದನೆ." ಅಪರೂಪ ಎಂಬ ಪದ ನಾಲ್ಕು ಸಲ. "ತರಗತಿಗೆ ಬೆಳಕಿನಂತಿದ್ದವರು." ಬೆಳಕಂತೆ! ಕಿಟಕಿ ಪಕ್ಕ ಕೂತರೆ ಯಾರ ಮೇಲಾದರೂ ಬೆಳಕು ಬೀಳುತ್ತದೆ. ಆಮೇಲೆ ತನ್ನ ಬಗೆಗಿನ ಒಂಬತ್ತು ಸಾಲು: "ಈ ಅಭ್ಯರ್ಥಿಯು ಸಮಯಪಾಲನೆ ಉಳ್ಳವರು. ನಿಗದಿತ ಪಠ್ಯಗಳನ್ನು ಓದಿರುತ್ತಾರೆ. ಗ್ರಂಥಾಲಯದ ಪುಸ್ತಕಗಳನ್ನು ಸಕಾಲದಲ್ಲಿ ಹಿಂದಿರುಗಿಸಿರುತ್ತಾರೆ."

ಅವಳು ತಿದ್ದುವ ಮಾತ್ರೆಯ ಚೀಟಿಗಳಲ್ಲಿ ಇದಕ್ಕಿಂತ ಹೆಚ್ಚು ಭಾವನೆ ಇರುತ್ತಿತ್ತು. ಅಲ್ಲಿ ಕಡೇಪಕ್ಷ ವಾಕರಿಕೆಯಾದರೂ ಬರುತ್ತದೆ.

ಮನೆಗೆ ಬಂದವಳೇ ಊಟದ ಮೇಜಿನ ಮೂಲೆ ಹಿಡಿದು ಬರೆಯಲು ಕೂತಳು. ಪೆನ್ನು ಕಾಗದವನ್ನು ಕೆರೆಯುವ ಸದ್ದಿಗೆ ಇಸ್ತ್ರಿ ಮಾಡುತ್ತಿದ್ದ ಅಕ್ಕ ತಲೆಯೆತ್ತಿದಳು.

"ಶಿಫಾರಸು ಬರೀತಿದೀಯೋ, ಪೊಲೀಸ್ ಕಂಪ್ಲೇಂಟೋ?"

"ಇದ್ದದ್ದು ಇದ್ದ ಹಾಗೆ ಬರೀತಿದೀನಿ."

"ಯಾರ ಬಗ್ಗೆ? ಆ ಲಿಫ್ಟಿನವನಾ? ಹೋದ ವಾರ ಅವನು ಹಾಗಂದ, ಹೀಗಂದ ಅಂತ ನನ್ನ ತಲೆ ತಿಂದಿದ್ದೆ. ಈಗೇನು ಮಾಡ್ದ?"

"ಹೊಗಳಿದ."

"ಅದಕ್ಕೆ ಇಷ್ಟು ಕೋಪವಾ?"

"ಬೇರೆಯವಳನ್ನ."

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ತಂಗಿಯನ್ನೇ ನೋಡಿದಳು. "ಇಸ್ತ್ರಿಗೆ ಕರೆಂಟ್ ದಂಡ ಕಣೇ. ನಿನ್ನ ಹೊಟ್ಟೆ ಮೇಲೆ ಬಟ್ಟೆ ಹರಡಿದ್ರೆ ಸಾಕಿತ್ತು."

ಅವಳು ಬರೆದದ್ದನ್ನು ಓದಿಯೂ ನೋಡದೆ ಲಕೋಟೆಗೆ ತುರುಕಿದಳು. ಇದಕ್ಕೆ ಮೇಷ್ಟ್ರು ಸಹಿ ಹಾಕಲಾರರು, ಅವನ ಅರ್ಜಿ ಇಲ್ಲಿಗೇ ನಿಂತೀತು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಿಲ್ಲಲಿ. ಬೆಳಕಿನಂಥವರ ಜೊತೆ ಅದೇ ತರಗತಿಯಲ್ಲಿ ಎರಡು ವರ್ಷ ಕೂರುವುದೂ ನಿಲ್ಲುತ್ತದೆ.

ಶನಿವಾರ ಅವನಿಗೆ ಮೂರು ಗಂಟೆಯವರೆಗೆ ಡ್ಯೂಟಿ. ಅದಕ್ಕೇ ಅವಳು ಮಧ್ಯಾಹ್ನ ಒಂದಕ್ಕೇ ಮೇಷ್ಟ್ರ ಮನೆ ಸೇರಿದಳು. ತಾನೇ ಓದಿ, ಮೇಷ್ಟ್ರು ಬೇಡವೆಂದ ಮೇಲೆ ಎದ್ದು ಬಂದರಾಯಿತು. ಒಳಗೆ ಕಾಲಿಟ್ಟರೆ ಫಸ್ಟ್ ಬೆಂಚ್ ಆಗಲೇ ಲ್ಯಾಪ್‌ಟಾಪ್ ಬಿಚ್ಚಿಟ್ಟು ಕೂತಿದ್ದಳು. ಅವಳೆದುರಿಗೆ, ರಜೆ ಹಾಕಿ ತಲೆ ಬಾಚಿಕೊಂಡು ಬಂದಿದ್ದ ಅವನು.

"ಕೊಡಿ ಕೊಡಿ, ಓದೋದು ನಾನು," ಎಂದು ಫಸ್ಟ್ ಬೆಂಚ್ ಅವಳ ಕೈಯಿಂದ ಲಕೋಟೆ ಕಸಿದೇಬಿಟ್ಟಳು.

ಕಪ್ಪು ಕನ್ನಡಕ ಹಾಕಿಕೊಂಡು ಆರಾಮಕುರ್ಚಿಯಲ್ಲಿ ಒರಗಿದ್ದ ಮೇಷ್ಟ್ರು ಸೂರಿನತ್ತ ಮುಖ ಮಾಡಿ, "ಹೂಂ, ಶುರು ಮಾಡು," ಎಂದರು.

ಮೊದಲು ಫಸ್ಟ್ ಬೆಂಚ್ ತನ್ನದೇ ಒಂದೂವರೆ ಪುಟವನ್ನು ನಾಚಿಕೆಯಿಂದ ಓದಿಕೊಂಡಳು. ಮೇಷ್ಟ್ರು, "ಹೊಗಳಿಕೆ ಜಾಸ್ತಿ ಆಯ್ತು. ಅಪರೂಪ ಮೂರು ತೆಗಿ. ನಡೆಯುತ್ತೆ," ಎಂದರು.

ಆಮೇಲೆ ಲಕೋಟೆ ಹರಿಯಿತು. ಬಹುಮಾನ ಗೆದ್ದ ಆ ಕಂಠ, ಒಂದೊಂದು ಅಕ್ಷರವನ್ನೂ ಬಿಡಿಸಿಟ್ಟು, ಓದತೊಡಗಿತು:

"ಈತನಿಗೆ ಓದಿನಲ್ಲಿ ಶಿಸ್ತಿಲ್ಲ. ಕಾದಂಬರಿಯ ಕೊನೆಯ ಪುಟವನ್ನು ಮೊದಲು ಓದುತ್ತಾನೆ. ಕೇಳಿದರೆ, ಎಷ್ಟನೇ ಮಹಡಿಗೆಂದು ಗೊತ್ತಿಲ್ಲದೆ ಯಾರಾದರೂ ಲಿಫ್ಟ್ ಹತ್ತುತ್ತಾರೆಯೇ ಎನ್ನುತ್ತಾನೆ. ಇಷ್ಟವಾದ ಸಾಲು ಸಿಕ್ಕರೆ ಅಲ್ಲಿಗೇ ಪುಸ್ತಕ ಮುಚ್ಚಿ, ಮೂರು ದಿನ ಅದನ್ನೇ ಸಿಕ್ಕಸಿಕ್ಕವರಿಗೆ ಹೇಳುತ್ತ ತಿರುಗುತ್ತಾನೆ. ಕಥೆಯಲ್ಲಿ ಯಾರಾದರೂ ಸುಳ್ಳು ಹೇಳಿದರೆ ಈತನ ಎಡಗಿವಿ ಕೆಂಪಾಗುತ್ತದೆ, ತಾನೇ ಹೇಳಿದವನ ಹಾಗೆ. ದುರಂತ ನಾಟಕದ ಪಾಠದ ದಿನ ತೋಳಿನಿಂದ ಕಣ್ಣೊರೆಸಿಕೊಂಡು, ಗ್ರೀಸ್ ಹೋಯಿತು ಎಂದ. ಅಂದು ಅವನ ಕೈಯಲ್ಲಿ ಗ್ರೀಸ್ ಇರಲಿಲ್ಲ."

ಫಸ್ಟ್ ಬೆಂಚಿನ ಕಂಠ ಮೆತ್ತಗಾಯಿತು. ಬರೆದವಳಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಅವನತ್ತ ನೋಡುವ ಧೈರ್ಯವಾಗದೆ ಅವನ ಶೂ ನೋಡಿದಳು. ಪಾಲಿಶ್ ಬೇರೆ ಮಾಡಿಸಿದ್ದ.

"ಯಾರು ಏನು ಕೇಳಿದರೂ ಈತ ಇಲ್ಲವೆನ್ನುವುದಿಲ್ಲ. ಒಬ್ಬರಿಗೆ ಕೊಡುವ ಗಮನವನ್ನೇ ಎಲ್ಲರಿಗೂ ಕೊಡುತ್ತಾನೆ. ಓದುಗನಲ್ಲಿ ಇದು ಗುಣವಿರಬಹುದು. ಮನುಷ್ಯನಲ್ಲಿ ದೊಡ್ಡ ದೋಷ."

ಅವಳು ತಲೆಯೆತ್ತಿದಳು. ಅವನ ಕಿವಿ ಕೆಂಪಾಗಿತ್ತು. ಎಡದ್ದು ಮಾತ್ರ ಅಲ್ಲ, ಎರಡೂ.

"ಈ ಹುಡುಗ ಓದೋದನ್ನ ನಾಲ್ಕು ವರ್ಷದಲ್ಲಿ ನಾನು ಇಷ್ಟು ನೋಡಿರಲಿಲ್ಲ," ಎಂದರು ಮೇಷ್ಟ್ರು ನಿಧಾನವಾಗಿ. "ಒಂದಕ್ಷರ ಮುಟ್ಟಬೇಡ. ಸಹಿ ಹಾಕ್ತೀನಿ."

"ಸರ್, ಅದು ನಾನು..." ಅವಳು ಎದ್ದು ನಿಂತಳು.

"ಮುಂದಿನದು ಓದಮ್ಮ."

ಮುಂದಿನದು ಅವಳದು. ಒಂಬತ್ತು ಸಾಲು ಮುಗಿಯಲು ಎಷ್ಟು ಹೊತ್ತು? ಮೇಷ್ಟ್ರು ಇನ್ನೂ ಕಾಯುತ್ತಿದ್ದರು. "ಆಮೇಲೆ?"

"ಅಷ್ಟೇ ಸರ್."

"ಇದಕ್ಕೆ ನಾನು ಸಹಿ ಹಾಕಲ್ಲ. ಇದು ಯಾರ ಬಗ್ಗೆ? ಯಾವುದೋ ಗಡಿಯಾರದ ಬಗ್ಗೆ ಬರೆದ ಹಾಗಿದೆ." ಕಪ್ಪು ಕನ್ನಡಕ ಅವನು ಕೂತ ದಿಕ್ಕಿಗೆ ತಿರುಗಿತು. "ಏನಯ್ಯಾ, ಈ ಹುಡುಗಿ ಬಗ್ಗೆ ನಿನಗೆ ಹೇಳೋಕೆ ಏನೂ ಇಲ್ವಾ?"

ಅವಳೂ ಉತ್ತರಕ್ಕೆ ಕಾದಳು. ಹನ್ನೆರಡರಲ್ಲಿ ಅವಳ ಒಂದು ಸೀಟು, ಮತ್ತು ಸೀಟಿಗಿಂತ ದೊಡ್ಡದು ಇನ್ನೇನೋ, ಆ ಉತ್ತರದಲ್ಲಿತ್ತು.

"ಅದು ನಾಲ್ಕನೇ ಕರಡು ಸರ್," ಎಂದ ಅವನು ನೆಲ ನೋಡುತ್ತ. "ಮೊದಲ ಮೂರು ನೀವು ಸಹಿ ಹಾಕೋ ಥರ ಇರಲಿಲ್ಲ. ತೆಗೀತಾ ತೆಗೀತಾ ಇಷ್ಟು ಉಳೀತು."

"ತೆಗೆದದ್ದನ್ನ ಹೇಳು. ಬೇಕೋ ಬೇಡವೋ ನಾನು ನೋಡ್ಕೋತೀನಿ. ನೀನು ಟೈಪ್ ಮಾಡಮ್ಮ."

ಅವನು ಗಂಟಲು ಸರಿಮಾಡಿಕೊಂಡ. "ನಾನು ಈಕೆಯನ್ನು ಎರಡು ವರ್ಷ ಏಳು ತಿಂಗಳಿಂದ ಬಲ್ಲೆ."

"ನಾಲ್ಕು ವರ್ಷದಿಂದ," ಎಂದರು ಮೇಷ್ಟ್ರು. "ಇಲ್ಲಿ 'ನಾನು' ಅಂದ್ರೆ ನಾನು."

"ನಾಲ್ಕು ವರ್ಷದಿಂದ ಬಲ್ಲೆ. ಒಂದು ಸಲ ಮಾತ್ರೆಯ ಚೀಟಿಯಲ್ಲಿ 'ಅಪರೂಪಕ್ಕೆ' ಎಂಬ ಒಂದು ಪದ ಬಿಟ್ಟುಹೋಗಿತ್ತೆಂದು ಈಕೆ ಓಡುತ್ತಿದ್ದ ಯಂತ್ರ ನಿಲ್ಲಿಸಿದಳು. ಆ ಪದವಿಲ್ಲದಿದ್ದರೆ ಯಾರೋ ಒಬ್ಬ ಮುದುಕಿ ಹೆದರಿ ಮಾತ್ರೆ ಬಿಡುತ್ತಾಳೆ ಎಂದಳು. ಒಂದು ಪದ ತಪ್ಪಿದರೆ ಎಲ್ಲೋ ಒಬ್ಬರಿಗೆ ಏನೋ ಆಗುತ್ತದೆ ಎಂದು ನಂಬುವವರೇ ಸಾಹಿತ್ಯ ಓದಬೇಕು."

ಕೀಲಿಮಣೆ ಟಕಟಕ ಎಂದಿತು. ಮೇಷ್ಟ್ರು ತಲೆಯಾಡಿಸಿದರು.

"ಕಥೆ ಚೆನ್ನಾಗಿಲ್ಲ ಎಂದು ಈಕೆಯ ಬಾಯಿಗಿಂತ ಮೊದಲು ಹುಬ್ಬು ಹೇಳುತ್ತದೆ. ಆ ಹುಬ್ಬು ಏರಿದ ಪುಸ್ತಕವನ್ನು ನಾನು ಮನೆಗೆ ಹೋಗಿ ಎರಡನೇ ಸಲ ಓದುತ್ತೇನೆ. ಪ್ರತಿಸಲ ಈಕೆ ಹೇಳಿದ್ದೇ ಸರಿ. ಈಕೆ ಬರದ ಭಾನುವಾರ..."

"ನಿಲ್ಲಿಸು," ಎಂದರು ಮೇಷ್ಟ್ರು. "ಅದು ಬೇಡ."

"ಯಾಕೆ ಸರ್?"

"ಈಕೆ ಬರದ ಭಾನುವಾರ ನಾನು ಹಾಯಾಗಿ ನಿದ್ದೆ ಮಾಡ್ತೀನಿ. ಅದು ನನ್ನ ಮಾತಲ್ಲ. ನಿನ್ನದು. ನೀನೇ ಹೇಳ್ಕೋ, ನನ್ನ ಸಹಿ ಯಾಕೆ ಅದಕ್ಕೆ?"

ಒಳಗಿನಿಂದ ಮೇಷ್ಟ್ರ ಹೆಂಡತಿ ಕಿಸಕ್ಕನೆ ನಕ್ಕದ್ದು ಎಲ್ಲರಿಗೂ ಕೇಳಿಸಿತು. ಆಮೇಲೆ ಆಕೆಯೇ ಬಂದು, ಗಂಡನ ಬೆರಳು ಹಿಡಿದು, ಟೈಪಾಗಿ ಪ್ರಿಂಟಾದ ಮೂರೂ ಕಾಗದಗಳ ಮೇಲೆ ಸರಿಯಾದ ಜಾಗಕ್ಕೆ ತಂದಿಟ್ಟರು.

ಅಪ್‌ಲೋಡ್ ಮಾಡಲು ಫಸ್ಟ್ ಬೆಂಚ್ ಉಳಿದಳು. ಅವರಿಬ್ಬರೂ ಮೆಟ್ಟಿಲಿಳಿದರು. ಕೆಳಗೆ ಅವಳು ಸೈಕಲ್ಲಿನ ಬೀಗ ತೆಗೆಯುವಾಗ ಅವನು ಹ್ಯಾಂಡಲ್ ಹಿಡಿದುಕೊಂಡ.

"ನಿನ್ನ ಅರ್ಜಿ ಹಾಳಾಗ್ಲಿ ಅಂತಲೇ ಅದನ್ನ ಬರೆದೆ," ಎಂದಳು ಬೀಗಕ್ಕೆ ಹೇಳುವವಳಂತೆ.

"ಗೊತ್ತಾಯ್ತು."

"ಕೋಪ ಬರ್ಲಿಲ್ವಾ?"

"ಬಂತು. ಗ್ರೀಸಿನ ವಿಷಯ ಬರೋವರೆಗೂ ಇತ್ತು. ಆಮೇಲೆ ಅನ್ನಿಸ್ತು, ಆವತ್ತು ಇವಳು ಪಾಠ ಕೇಳ್ತಿರ್ಲಿಲ್ಲ, ನನ್ನೇ ನೋಡ್ತಿದ್ಲು ಅಂತ."

ಅವಳ ಮುಖ ಬಿಸಿಯಾಯಿತು. ಆದರೂ ಬಿಡಲಿಲ್ಲ. "ಅವಳಿಗೆ ಮಾತ್ರ ಒಂದೂವರೆ ಪುಟ?"

"ಅವಳ ಬಗ್ಗೆ ನನಗೇನೂ ಗೊತ್ತಿರಲಿಲ್ಲ. ಗೊತ್ತಿಲ್ಲದವರನ್ನ ಹೊಗಳೋಕೆ ಏನು ಕಷ್ಟ? ಹತ್ತು ನಿಮಿಷದ ಕೆಲಸ. ನಿಂದಕ್ಕೆ ಆರು ದಿನ ಹಿಡೀತು."

"ಬರದ ಭಾನುವಾರ ಏನು?"

ಅವನು ಸೈಕಲ್ಲಿನ ಬೆಲ್ಲನ್ನು ಹೆಬ್ಬೆರಳಿನಿಂದ ಸವರಿದ. "ಇಲ್ಲಿ ನಿನ್ನ ಸೈಕಲ್ ಕಾಣದಿದ್ರೆ ನಾನು ಮೆಟ್ಟಿಲೇ ಹತ್ತಲ್ಲ. ಎಮರ್ಜೆನ್ಸಿ ಕಾಲ್ ಬಂತು ಅಂತ ಮೇಷ್ಟ್ರಿಗೆ ಫೋನ್ ಮಾಡಿ ವಾಪಸ್ ಹೋಗ್ತೀನಿ. ಹೋಗೋಕೆ ಎಲ್ಲೂ ಇರಲ್ಲ. ಸುಮ್ಮನೆ ಊರೆಲ್ಲ ತಿರುಗ್ತೀನಿ." ಬೆಲ್ಲಿನಿಂದ ಬೆರಳು ತೆಗೆದು, "ನೀನಿಲ್ಲದೆ ಓದಿದ್ದು ನನಗೆ ಓದಿದ ಹಾಗೇ ಅನ್ನಿಸಲ್ಲ," ಎಂದ.

ಅವಳಿಗೆ ಏನೇನೋ ಹೇಳಬೇಕೆನ್ನಿಸಿತು. ಕರಡು ತಿದ್ದುವವಳಾದ್ದರಿಂದ ಒಂದೊಂದನ್ನೇ ಹೊಡೆದುಹಾಕುತ್ತ ಬಂದು, ಉಳಿದದ್ದನ್ನು ಹೇಳಿದಳು. "ಆ ಗಮನಾನ ಎಲ್ಲರಿಗೂ ಕೊಡಬೇಡ. ನನಗೆ ಸಹಿಸೋಕೆ ಆಗಲ್ಲ."

"ಸರಿ."

"ಇದಕ್ಕೂ ಇಲ್ಲ ಅನ್ನಲ್ವಾ ನೀನು?"

"ಇದಕ್ಕೆ ಯಾಕೆ ಅನ್ಲಿ?"

ಮೇಲಿನ ಬಾಲ್ಕನಿಯಿಂದ ಬಹುಮಾನ ಗೆದ್ದ ಕಂಠ ಬೀದಿಗೆಲ್ಲ ಕೇಳುವಂತೆ ಕೂಗಿತು. "ಹೋಯ್ತು! ಮೂರೂ ಹೋಯ್ತು!" ಫಸ್ಟ್ ಬೆಂಚ್ ಕಟಕಟೆಯ ಮೇಲೆ ಬಾಗಿ ಕೈ ಬೀಸುತ್ತಿದ್ದಳು. ಸಂಭ್ರಮದಲ್ಲಿ ಅವಳ ಮುಖ ನಿಜಕ್ಕೂ ಹೊಳೆಯುತ್ತಿತ್ತು.

ಅವನು ಅಭ್ಯಾಸಬಲದಿಂದ ಕೈಯೆತ್ತಿದ. ಅರ್ಧಕ್ಕೇ ಅವಳು ಆ ಕೈ ಹಿಡಿದು ಕೆಳಗಿಳಿಸಿದಳು. ಇಳಿಸಿದ ಮೇಲೂ ಬಿಡಲಿಲ್ಲ. ಬೀಸಲು ಅವನಿಗೆ ಇನ್ನೊಂದು ಕೈ ಇತ್ತು. ಅದರಲ್ಲಿ ಸೈಕಲ್ ಹಿಡಿದಿದ್ದ.

ಆಗ ಅವಳೇ ತನ್ನ ಇನ್ನೊಂದು ಕೈಯನ್ನು ಎತ್ತರಕ್ಕೆ ಎತ್ತಿ, ಇಬ್ಬರ ಪರವಾಗಿಯೂ, ಫಸ್ಟ್ ಬೆಂಚ್‌ಗೆ ಧಾರಾಳವಾಗಿ ಬೀಸಿದಳು.