ಅಕ್ಕನ ಸೀಟು

ಅಕ್ಕ ಸತ್ತಾಗ ಅವಳು ಕುಳಿತ ಸೀಟು ಬೆಚ್ಚಗಿತ್ತಂತೆ. ಶ್ರೀಧರನಿಗೆ ಸಾವಿಗಿಂತ ಆ ಬೆಚ್ಚಗಿನ ಮಾತೇ ಹೆಚ್ಚು ಚುಚ್ಚುತ್ತಿತ್ತು.

ಮುಂಡರಗಿಯ ದಾರಿಯಲ್ಲಿ ಭುವನೇಶ್ವರಿ ಎದೆ ಹಿಡಿದಂತಾಗುತ್ತಿದೆ ಎಂದಿದ್ದಳು. ಅವಳ ಗಂಡ ವೆಂಕಪ್ಪ ಕಾರನ್ನು ದವಾಖಾನೆಗೆ ತಿರುಗಿಸಲಿಲ್ಲ. ಮಗ್ಗದ ಮುಂದೆ ಬಾಗಿ ಬಾಗಿ ಬಂದ ಹಳೆಯ ಬೆನ್ನುನೋವು ಇರಬೇಕೆಂದು ಸೀಟಿನ ಹೀಟರ್ ಹಾಕಿ, ಅಂಗಡಿಗೆ ಸೀರೆಗಳನ್ನು ಮುಟ್ಟಿಸಲು ಇಳಿದುಹೋದ. ಮರಳಿ ಬಂದಾಗ ಕುಳಿತಲ್ಲೇ ಅವಳ ಉಸಿರು ನಿಂತಿತ್ತು, ಸೀಟು ಮಾತ್ರ ಬಿಸಿಯಾಗಿತ್ತು. ಇದನ್ನೆಲ್ಲ ಅವನೇ ಹೆಣದ ಮುಂದೆ ಎದೆ ಬಡಿದುಕೊಂಡು ಹೇಳಿದ್ದ. ಬಂದವರೆಲ್ಲ ಸಮಾಧಾನ ಹೇಳಿದರು. ಶ್ರೀಧರ ಹೇಳಲಿಲ್ಲ. ಅವನ ತಾಯಿ ಬನಶಂಕರೆವ್ವ ಅಂದಿನಿಂದ ಅಳಿಯನ ಜೊತೆ ಮಾತು ಬಿಟ್ಟಳು.

ವರ್ಷ ತುಂಬಲು ಎಂಟು ದಿನವಿದ್ದಾಗ ಆ ಕಾರು ತಾನಾಗಿ ಶ್ರೀಧರನ ಕೈಗೆ ಬಂತು. ಬೆಟಗೇರಿಯಲ್ಲಿ ಗಾಡಿಗಳ ವೈರಿಂಗ್ ಕೆಲಸಕ್ಕೆ ಅವನದೇ ಹೆಸರು.

"ಅಕಿ ಸೀಟ್ ಬಿಸಿ ಆಗವಲ್ದು, ಶ್ರೀಧರಾ. ಅಕಿ ಹೋದ ಮರುದಿನದಿಂದನ ಹಿಂಗ. ಬ್ಯಾರೇದವ್ರು ಕೈ ಹಚ್ಚೂದು ಬ್ಯಾಡ, ನೀನ ನೋಡು," ಎಂದ ವೆಂಕಪ್ಪ.

"ಖಾಲಿ ಸೀಟಿಗೆ ಬಿಸಿ ಯಾಕ್ರಿ ಮಾವಾ?"

"ಕೈ ಇಟ್ರ ಬೆಚ್ಚಗ ಹತ್ತಬೇಕೋ. ಈಗಷ್ಟ ಎದ್ದು ಹೋಗ್ಯಾಳ ಅನ್ನಿಸ್ಬೇಕು."

ವೆಂಕಪ್ಪ ಇದನ್ನು ಕೊಂಡಾಗ, ಗದಗಿನ ಬಿಸಿಲಿಗೆ ಸೀಟು ಬಿಸಿ ಮಾಡುವ ಕಾರು ಯಾರಿಗೆ ಬೇಕೆಂದು ಊರೆಲ್ಲ ನಕ್ಕಿತ್ತು. ಶ್ರೀಧರನಿಗೆ ನಗು ಬರಲಿಲ್ಲ. ಇವನನ್ನು ಇದೇ ಸೀಟು ತಿನ್ನಬೇಕು ಎಂದು ಅವನ ಮನಸ್ಸು ಆಗಲೇ ತೀರ್ಮಾನಿಸಿತ್ತು.

ಮೊದಲು ಸೀಟು ಸರಿಯಾಗಬೇಕಿತ್ತು. ಫ್ಯೂಸ್ ನೋಡಿದ, ಸ್ವಿಚ್ ನೋಡಿದ, ಎರಡೂ ನೆಟ್ಟಗಿದ್ದವು. ಸೀಟಿನ ಮೇಲೆ ಕುಳಿತು ಮುಂದಿನ ವೈರುಗಳನ್ನು ಅಲುಗಾಡಿಸಿದಾಗ ಬೆನ್ನಿಗೆ ಬಿಸಿ ಹತ್ತಿತು. ಟೆಸ್ಟರ್ ತರಲು ಇಳಿದು ಬರುವಷ್ಟರಲ್ಲಿ ಆರಿತು. ಮತ್ತೆ ಕುಳಿತ, ಮತ್ತೆ ಹತ್ತಿತು. ಚಿಕ್ಕಂದಿನಲ್ಲಿ ಮಡಿಲಿನಿಂದ ಎದ್ದರೆ ಮುನಿಸಿಕೊಳ್ಳುತ್ತಿದ್ದ ಅಕ್ಕನೇ ಕುಳಿತಿದ್ದಾಳೆ ಅನಿಸಿತು. ಹುಚ್ಚು ಎಂದು ತನ್ನನ್ನೇ ಬೈದುಕೊಂಡ. ಎಲ್ಲೋ ಲೂಸ್ ಕನೆಕ್ಷನ್, ಇನ್ನೇನು! ಸಿಕ್ಕ ಸಿಕ್ಕ ಜೋಡಣೆಗಳನ್ನೆಲ್ಲ ಬಿಗಿ ಮಾಡಿ, ಕುಳಿತು ನೋಡಿ, ಸರಿಯಾಯಿತೆಂದು ಎದ್ದ.

ಆಮೇಲಿನದು ಅವನಿಗೆ ನೀರು ಕುಡಿದಷ್ಟು ಸುಲಭ. ಬಿಸಿ ಮಿತಿ ಮೀರದಂತೆ ತಡೆಯುವುದನ್ನೆಲ್ಲ ತೆಗೆದುಹಾಕಿದ. ವೆಂಕಪ್ಪ ದಿನಾ ಸಂಜೆ ಲಕ್ಷ್ಮೇಶ್ವರದಿಂದ ಬರುವಾಗ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ, ಗಾಜು ಏರಿಸಿ, ಪಕ್ಕದ ಸೀಟಿನ ಮೇಲೆ ಕೈ ಇಟ್ಟು ಅರ್ಧ ತಾಸು ನಿದ್ದೆ ಹೊಡೆಯುತ್ತಿದ್ದ. ಹೀಟರ್ ಹಾಕಿಟ್ಟರೆ ಆ ಅರ್ಧ ತಾಸಿನಲ್ಲಿ ಸೀಟಿನ ಸ್ಪಂಜು ಒಳಗೊಳಗೇ ಸುಡುತ್ತದೆ. ಹೊಗೆ ಕುಡಿದ ನಿದ್ದೆಗೆ ಎಚ್ಚರವಿಲ್ಲ. ಹಳೆಯ ಕಾರು, ಹಳೆಯ ಹೀಟರ್ ಎನ್ನುತ್ತಾರೆ ಜನ. ಬೇರೆ ಯಾರಿಗೂ ಅಪಾಯವಿಲ್ಲ, ಏಕೆಂದರೆ ಅಕ್ಕನ ಹಸಿರು ಸೀರೆ ಮಡಿಚಿಟ್ಟ ಆ ಸೀಟಿನಲ್ಲಿ ವೆಂಕಪ್ಪ ಯಾರನ್ನೂ ಕೂರಿಸುತ್ತಿರಲಿಲ್ಲ.

ಮೊದಲ ಸಂಜೆ ಫೋನು ಬಂತು. "ಇಲ್ಲೋ, ತಣ್ಣಗ ಐತಿ." ಎರಡನೆಯ ಸಂಜೆಯೂ ಅದೇ ಮಾತು.

"ಇನ್ನೊಂದ ದಿನ ನೋಡ್ರಿ ಮಾವಾ," ಎಂದ ಶ್ರೀಧರ. ಅವಸರ ತೋರಿಸಿದರೆ ಕೆಲಸ ಕೆಡುತ್ತದೆ. ಆದರೆ ಹಾಸಿಗೆಯಲ್ಲಿ ಮಲಗಿದಾಗ ಬೆನ್ನಿಗೆ ಯಾರೋ ಬೆಚ್ಚಗೆ ಒರಗಿದಂತಾಗಿ ಎದ್ದು ಕುಳಿತ. ಪಕ್ಕದಲ್ಲಿ ಯಾರೂ ಇರಲಿಲ್ಲ.

ಮೂರನೆಯ ದಿನ ಅವ್ವ ಮಗಳ ವರ್ಷದ ಕಾರ್ಯಕ್ಕೆ ಹೇಳಿಬರಲು ಬಾಳೆಹೊಸೂರ ಮಠಕ್ಕೆ ಬಸ್ಸಿನಲ್ಲಿ ಹೋದಳು. ಸಂಜೆ ಅವಳಿಗಾಗಿ ಶ್ರೀಧರ ಚಹಾಕ್ಕೆ ನೀರಿಟ್ಟಿದ್ದಾಗ ಫೋನು ಬಂತು. ವೆಂಕಪ್ಪ ಪಿಸುಗುಟ್ಟುತ್ತಿದ್ದ.

"ಶ್ರೀಧರಾ, ಬಿಸಿ ಆತೋ! ಲಕ್ಷ್ಮೇಶ್ವರ ಬಸ್‌ಸ್ಟ್ಯಾಂಡಿನ್ಯಾಗ ಅತ್ತಿ ನಿಂತಿದ್ರು. ಧೈರ್ಯ ಮಾಡಿ ಕರದೆ. 'ಸಾಕ್ ಬಿಡಪಾ ಈ ಸಿಟ್ಟು' ಅಂತ ಬಂದ್ರು. ಭುವಿ ಸೀರಿ ತೊಡಿ ಮ್ಯಾಲ ಇಟ್ಕೊಂಡು ಅಕಿ ಸೀಟಿನ್ಯಾಗ ಕುಂತ್ರು ನೋಡು, ಕುಂತ ಕೂಡ್ಲೇ ಬೆಚ್ಚಗಾತು. ಈಗ ನಿದ್ದಿ ಹತ್ತೈತಿ, ಥೇಟ್ ಭುವಿ ಗತೆನ. ಬೇವಿನ ಗಿಡದ ಕೆಳಗ ಹಚ್ಚೇನಿ. ನಾನೂ ಒಂಚೂರು ಕಣ್ಣ ಮುಚ್ತೇನಿ. ಅತ್ತಿಗೆ ಎಚ್ಚರಾಗಬಾರ್ದು, ಫೋನ್ ಬಂದ್ ಮಾಡ್ತೇನಿ."

"ಅವ್ವನ್ನ ಇಳಸ್ರಿ! ಮಾವಾ, ಇಳೀರಿ!" ಎಂದು ಶ್ರೀಧರ ಕಿರುಚಿದಾಗ ಫೋನು ಆಗಲೇ ನಿಂತಿತ್ತು. ಮತ್ತೆ ಮತ್ತೆ ಹಚ್ಚಿದ. ಸ್ವಿಚ್ ಆಫ್. ಬೇವಿನ ಮರ ಇಲ್ಲಿಂದ ಒಂದು ತಾಸಿನ ದಾರಿ. ಅಂಗಳಕ್ಕೆ ಓಡಿ ಬೈಕಿನ ಮೇಲೆ ಕುಳಿತ ಕ್ಷಣ ಅವನ ಬೆನ್ನಿಗೆ ಆ ದಿನದ ಬಿಸಿ ನೆನಪಾಯಿತು. ಕುಳಿತಾಗಲೆಲ್ಲ ಹತ್ತಿತ್ತು, ಎದ್ದಾಗಲೆಲ್ಲ ಆರಿತ್ತು. ಲೂಸ್ ಕನೆಕ್ಷನ್ ಎಲ್ಲಿಯೂ ಇರಲಿಲ್ಲ. ಅಕ್ಕ ಹೋದ ಮೇಲೆ ಸೀಟು ಒಂದು ದಿನವೂ ಕೆಟ್ಟಿರಲಿಲ್ಲ. ಮೇಲೆ ಒಬ್ಬರು ಕುಳಿತರೆ ಮಾತ್ರ ಅದು ಬಿಸಿಯಾಗುತ್ತಿತ್ತು.