ಅಟ್ಟದ ಕಿಂಡಿಯ ಹೋಗುಬಾಗಿಲು

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ದೂರಿನ ಪ್ರಕಾರ ಸತ್ತಿದ್ದು ಎರಡು ಜೀವ, ಎರಡೂ ಗೂಬೆಮರಿಗಳು. ದೂರು ತಂದವನು ಅರಣ್ಯ ರಕ್ಷಕ. ಊರಾಚೆಯ ಹಾಲಿನ ಫಾರಮ್ಮಿನ ಅಟ್ಟದಲ್ಲಿ ಕಣಜ ಗೂಬೆಗಳ ಗೂಡಿತ್ತು. ಸಂರಕ್ಷಿತ ಪಕ್ಷಿಯಾದ್ದರಿಂದ ಮರಿಗಳು ಹಾರುವ ತನಕ ಅಟ್ಟವನ್ನು ಮುಟ್ಟಕೂಡದೆಂದು ಅರಣ್ಯ ಇಲಾಖೆ ನೋಟಿಸ್ ಕೊಟ್ಟಿತ್ತು. ಯಾರೋ ಅಟ್ಟದ ಕಿಂಡಿಗೆ ಅಡ್ಡ ಕಟ್ಟಿದ್ದರು. ದೊಡ್ಡ ಗೂಬೆಗಳು ಹೊರಗುಳಿದವು, ಮರಿಗಳು ಒಳಗೆ. ಮೂರರಲ್ಲಿ ಒಂದು ಇನ್ನೂ ಉಸಿರಾಡುತ್ತಿತ್ತು.

ಎಫ್‌ಐಆರ್ ಬರೆಯುತ್ತಿದ್ದ ರೈಟರ್ ತಲೆಯೆತ್ತಿ ಕೇಳಿದ, "ಸಾರ್, ಮೃತರ ತಂದೆ ಹೆಸರು ಖಾಲಿ ಬಿಡ್ಲಾ?"

"ಬಿಡು. ನಿನ್ನ ಹೆಸರು ಬರೀಬೇಡ, ಅಷ್ಟೇ ಸಾಕು," ಎಂದು ಇನ್‌ಸ್ಪೆಕ್ಟರ್ ಟೋಪಿ ಕೈಗೆತ್ತಿಕೊಂಡರು.

ಅನುಮಾನ ಈ ಇನ್‌ಸ್ಪೆಕ್ಟರರ ಹುಟ್ಟುಗುಣ. ಮನೆಯಲ್ಲಿ ಹೆಂಡತಿ ಚಹಾಕ್ಕೆ ಅರ್ಧ ಚಮಚ ಸಕ್ಕರೆ ಹೆಚ್ಚಿಗೆ ಹಾಕಿದರೂ, ಏನು ವಿಷಯ ಎಂದು ಕೇಳುವ ಆಸಾಮಿ. ಗೂಬೆ ಕೇಸೆಂದು ಠಾಣೆಯವರೆಲ್ಲ ಮುಸಿಮುಸಿ ನಕ್ಕರೂ ಅವರು ಮಾತ್ರ ನಗಲಿಲ್ಲ. ಮಹಿಳಾ ಕಾನ್‌ಸ್ಟೆಬಲ್ ಒಬ್ಬಳನ್ನು ಕರೆದುಕೊಂಡು ಜೀಪು ಹತ್ತಿದರು.

ಹತ್ತೂವರೆಗೆ ಸ್ಥಳ ಪಂಚನಾಮೆ ಶುರುವಾಯಿತು. ಮನೆ, ಕೊಟ್ಟಿಗೆ ಎರಡಕ್ಕೂ ಒಂದೇ ಉದ್ದನೆಯ ಛಾವಣಿ, ಛಾವಣಿಯುದ್ದಕ್ಕೂ ಅಟ್ಟ. ಹಲಗೆಗಳ ಮೇಲೆ ಪಾರಿವಾಳದ ಹಿಕ್ಕೆ ಗೇಣು ದಪ್ಪಕ್ಕೆ ಗಟ್ಟಿಯಾಗಿ ಕೂತಿತ್ತು. ಕಾಲಿಟ್ಟರೆ ಬೂದಿಯಂಥ ಧೂಳು ಏಳುತ್ತಿತ್ತು. ಕಾನ್‌ಸ್ಟೆಬಲ್ ಮೂಗಿಗೆ ಕರ್ಚೀಫು ಕಟ್ಟಿಕೊಂಡಳು. ಕಿಂಡಿಯಲ್ಲಿ ಮರದ ಚೌಕಟ್ಟು, ಅದರಲ್ಲಿ ಸಾಲಾಗಿ ತೂಗುವ ತಂತಿಗಳು. ಒಳಗಿನಿಂದ ತಳ್ಳಿದರೆ ತಂತಿ ಸರಿದು ದಾರಿ ಬಿಡುತ್ತದೆ, ಹೊರಗಿನಿಂದ ತಳ್ಳಿದರೆ ಚೌಕಟ್ಟಿಗೆ ತಾಗಿ ನಿಲ್ಲುತ್ತದೆ. ಹೋದ ಹಕ್ಕಿ ವಾಪಸು ಬರಲಾರದು. ಚೌಕಟ್ಟನ್ನು ಹಗ್ಗದಿಂದ ಬಿಗಿದು ಕಟ್ಟಿದ್ದರು. ಗೂಡಿನ ಹತ್ತಿರ ನೀಲಿ ಗೀರಿನ ಬಟ್ಟೆಯ ಸಣ್ಣ ಚೂರೊಂದು ಬಿದ್ದಿತ್ತು. ಅದನ್ನೂ ಪಂಚನಾಮೆಯಲ್ಲಿ ಸೇರಿಸಿದರು. ಇನ್‌ಸ್ಪೆಕ್ಟರ್ ತಾವೇ ಚೌಕಟ್ಟನ್ನು ಬಿಚ್ಚಿ ಜಪ್ತಿ ಮಾಡಿದರು.

ಫಾರಮ್ಮಿನ ಯಜಮಾನ ಕೆಳಗೆ ಕಾದಿದ್ದ. ಕೇಳುವ ಮೊದಲೇ ಬಾಯಿಬಿಟ್ಟ.

"ಆ ಬಲೆರಾಯಂದೇ ಕೆಲಸ ಸಾರ್. ಪಾರಿವಾಳ ಓಡಿಸೋಕೆ ಅವನನ್ನ ಕರೆಸಿದ್ದೆ. ಈ ಬಾಗಿಲು ಅವನದ್ದೇ."

"ಯಾವತ್ತು ಕಟ್ಟಿದ?"

"ಅದು... ನೋಡಿಲ್ಲ."

"ನೋಡದೇ ಹೆಂಗೆ ಹೇಳ್ತೀರಿ?"

ಆಸಾಮಿ ಕತ್ತು ಕೆರೆದುಕೊಂಡ. ಅಟ್ಟದಿಂದ ಎದ್ದ ಧೂಳಿಗೆ ಒಳಗಿನ ಕೋಣೆಯಲ್ಲಿ ಯಾರೋ ಕೆಮ್ಮಿದರು. ಎಳೆಯ ಕೆಮ್ಮು, ನಿಲ್ಲಲೊಲ್ಲದು.

"ಯಾರದು?"

"ನನ್ನ ಮಗಳು ಸಾರ್. ಎಂಟು ವರ್ಷ. ಪಾರಿವಾಳದ ಹಿಕ್ಕೆ ಧೂಳು ಶ್ವಾಸಕೋಶಕ್ಕೆ ಇಳಿದಿದೆ, ಬೇಗ ಅಟ್ಟ ಖಾಲಿ ಮಾಡಿಸಿ, ಇಲ್ಲಾಂದ್ರೆ ಶ್ವಾಸಕೋಶ ಸರಿಹೋಗಲ್ಲ ಅಂದ್ರು ಡಾಕ್ಟ್ರು. ಖಾಲಿ ಮಾಡೋಕೆ ಹೋದ್ರೆ ಗೂಬೆ ಸಿಕ್ತು, ನೋಟಿಸ್ ಬಂತು. ಅಕ್ಕನ ಮನೇಲಿ ಬಿಟ್ಟಿದ್ವಿ, ರಾತ್ರಿಯೆಲ್ಲಾ ಅಳ್ತಾಳೆ ಅಂತ ವಾಪಸು ಕಳಿಸಿದ್ರು."

ಅಂದರೆ ಗೂಬೆ ಹೋದರೆ ಲಾಭ ಈ ಮನೆಗೇ. ಬೆರಳು ತೋರಿಸುತ್ತಿರುವವನೂ ಈ ಮನೆಯವನೇ. ಇನ್‌ಸ್ಪೆಕ್ಟರ್ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಹೆಂಡತಿ ಎಲ್ಲಿ ಎಂದು ಕೇಳಿದ್ದಕ್ಕೆ, ತಾಯಿಗೆ ಹುಷಾರಿಲ್ಲವೆಂದು ತವರಿಗೆ ಹೋಗಿ ವಾರವಾಯಿತು ಎಂದ. ಫೋನು ಮಾಡಿ ವಿಚಾರಿಸಿದರೆ ಅದು ನಿಜವಾಗಿತ್ತು.

ಬಲೆರಾಯ ಎಂಬ ಅಡ್ಡಹೆಸರಿನ ಪಾರಿವಾಳ ಹಿಡಿಯುವವನು ಮಧ್ಯಾಹ್ನ ಠಾಣೆಗೆ ಬಂದ. ಜಪ್ತಿ ಮಾಡಿದ ಚೌಕಟ್ಟು ಕಂಡದ್ದೇ ಅವನ ಮುಖ ಹುಳ್ಳಗಾಯಿತು.

"ನಿಂದಾ?"

"ನಂದೇ ಸಾರ್. ಹೋಗುಬಾಗಿಲು ಅಂತೀವಿ. ಗೂಬೆ ಕಂಡ ದಿನಾನೇ ಕೆಲಸ ನಿಲ್ಲಿಸಿದೆ. ಹೊತ್ತುಕೊಂಡು ಹೋಗಿ ಮತ್ತೆ ತರೋದು ಯಾಕೆ ಅಂತ ಅವರ ಕೊಟ್ಟಿಗೇಲೇ ಒರಗಿಸಿಟ್ಟಿದ್ದೆ."

"ಹೇಗೆ ಕಟ್ಟಬೇಕು ಅಂತ ಆ ಮನೇಲಿ ಯಾರಿಗೆ ಗೊತ್ತು?"

"ಎಲ್ರಿಗೂ. ಅಂಗಳದಲ್ಲೇ ನಿಂತು ತೋರಿಸಿದ್ನಲ್ಲ. ಅಯ್ಯೋ, ಗೂಬೆ ಮುಟ್ಟಿ ಲೈಸೆನ್ಸು ಕಳ್ಕೊಳ್ಳೋಕೆ ನನಗೇನು ತಲೆ ಕೆಟ್ಟಿದ್ಯಾ? ನೋಡಿ ಸಾರ್, ನಾನಾದ್ರೆ ಸ್ಕ್ರೂ ಹಾಕ್ತೀನಿ. ಇದು ಹಗ್ಗ."

ಸ್ಕ್ರೂ ಹಾಕುವವನಿಗೆ ಹಗ್ಗ ಕಟ್ಟಲು ಬರುವುದಿಲ್ಲವೇ? ಇನ್‌ಸ್ಪೆಕ್ಟರ್ ಅವನನ್ನು ಬೆಂಚಿನ ಮೇಲೆ ಕೂರಿಸಿದರು. ಸಂಜೆಯ ತನಕ ಕೂತೇ ಇದ್ದ, ಪಾಪ; ಮರುದಿನ ಬೆಳಿಗ್ಗೆಯೂ ಬಂದು ಕೂತ.

ಪಶುವೈದ್ಯರ ಮರಣೋತ್ತರ ವರದಿ ಬುಧವಾರ ಬಂತು. ಅದನ್ನು ಓದಿ ಇನ್‌ಸ್ಪೆಕ್ಟರ್ ಫೋನೆತ್ತಿದರು.

"ಹಸಿವಿನಿಂದ ಸತ್ತಿದ್ದಲ್ಲವಾ ಡಾಕ್ಟ್ರೇ?"

"ಹಸಿದಿದ್ದವು. ಆದ್ರೂ ಬದುಕ್ತಿದ್ವು. ಯಾರೋ ಪುಣ್ಯಾತ್ಮರು ಹಾಲು ಕುಡಿಸಿದ್ದಾರೆ ರೀ! ಗೂಬೆಮರಿಗೆ ಹಾಲು! ಅದು ಶ್ವಾಸಕೋಶಕ್ಕೆ ಇಳಿದು ಉಸಿರುಕಟ್ಟಿ ಹೋಗಿವೆ. ಮೂರನೇದು ಬಾಯಿ ತೆರೆದಿಲ್ಲ ಅಂತ ಕಾಣುತ್ತೆ, ಉಳ್ಕೊಂಡಿದೆ."

ಇನ್‌ಸ್ಪೆಕ್ಟರ್ ಫೋನಿಟ್ಟರು. ಕೊಲ್ಲಲು ಬಂದವನು ಉಣಿಸುತ್ತಾನೆಯೇ? ಹಕ್ಕಿ ಹಿಡಿದೇ ಬದುಕುವ ಬಲೆರಾಯ ಗೂಬೆಗೆ ಹಾಲು ಕುಡಿಸುವಷ್ಟು ದಡ್ಡನಲ್ಲ. ಅವನನ್ನು ಮನೆಗೆ ಕಳಿಸಿ, ಇನ್ನೊಮ್ಮೆ ಫಾರಮ್ಮಿಗೆ ಹೋದರು.

ಕೊಟ್ಟಿಗೆಯಲ್ಲಿ ಯಜಮಾನನ ತಾಯಿ ತಬ್ಬಲಿ ಕರುವೊಂದಕ್ಕೆ ಹಾಲು ಕುಡಿಸುತ್ತಿದ್ದಳು. ಎಪ್ಪತ್ತರ ಹತ್ತಿರದ ಮುದುಕಿ, ಮೈಯೆಲ್ಲ ಮೂಳೆ, ಬಾಯಿ ಮಾತ್ರ ಗಟ್ಟಿ. ಬಟ್ಟೆಯ ಬತ್ತಿಯನ್ನು ಹಾಲಿಗೆ ಅದ್ದಿ ಕರುವಿನ ಬಾಯಿಗೆ ಇಡುತ್ತಿದ್ದಳು. "ಕುಡಿಯೋ ಸೋಮಾರಿ. ನಿನ್ನ ವಯಸ್ಸಿಗೆ ನಿಮ್ಮಮ್ಮ ಬಕೆಟ್ಟೇ ಒದೀತಿದ್ಲು."

ಬತ್ತಿ ನೀಲಿ ಗೀರಿನದು. ಕಾನ್‌ಸ್ಟೆಬಲ್ ಇನ್‌ಸ್ಪೆಕ್ಟರರ ಮುಖ ನೋಡಿದಳು.

"ಈ ಬಟ್ಟೆ ಎಲ್ಲಿಯದು ಅಜ್ಜಿ?"

"ಹಳೇ ದಿಂಬಿನ ಚೀಲ. ಯಾಕೆ, ನಿಮಗೂ ಬೇಕಾ?"

"ಅಟ್ಟ ಹತ್ತೋರು ಯಾರು?"

"ನಾನೇ. ಹುಲ್ಲು ಇಳಿಸೋಕೆ ನೀವೇನು ಬರ್ತೀರಾ?"

ಇನ್‌ಸ್ಪೆಕ್ಟರ್ ಜೇಬಿನಿಂದ ಲಕೋಟೆ ತೆಗೆದು ಬಟ್ಟೆಯ ಚೂರನ್ನು ತೋರಿಸಿದರು. "ಇದು ಗೂಬೆ ಗೂಡಿನ ಹತ್ರ ಸಿಕ್ತು. ಮರಿಗಳಿಗೆ ಹಾಲು ಕೊಟ್ಟಿದ್ದು ಯಾರು?"

ಮುದುಕಿಯ ಕೈ ಕರುವಿನ ಬಾಯಲ್ಲೇ ನಿಂತಿತು. ಬಾಗಿಲಲ್ಲಿ ನಿಂತಿದ್ದ ಮಗ, "ಅಮ್ಮಾ, ಸುಮ್ನಿರು," ಎಂದ.

"ನೀನು ಸುಮ್ನಿರೋ. ಪಾಪ, ಆ ಬಲೆರಾಯನ್ನ ಯಾಕೆ ಬೆಂಚಿಗೆ ಹತ್ತಿಸಿದೆ?" ಎಂದು ಮಗನನ್ನು ಗದರಿ ಮುದುಕಿ ಇನ್‌ಸ್ಪೆಕ್ಟರರ ಕಡೆ ತಿರುಗಿದಳು. "ನಾನೇ ಕಟ್ಟಿದ್ದು. ಶುಕ್ರವಾರ."

"ಮರಿ ಇರೋದು ಗೊತ್ತಿತ್ತಾ?"

"ಗೊತ್ತಿತ್ತು. ಪಾರಿವಾಳ ಹೋಗ್ಲಿ, ಮರಿಗಳನ್ನ ನಾನೇ ಸಾಕ್ತೀನಿ ಅಂದ್ಕೊಂಡೆ. ಎಷ್ಟು ಕರು ಸಾಕಿಲ್ಲ? ಆಮೇಲೆ ಆ ದೊಡ್ಡವು ಹೊರಗೆ ಕೂತು ಕಿರುಚೋಕೆ ಶುರುಮಾಡಿದ್ವು. ತೆಗೆದೇ ಬಿಡೋಣ ಅಂತ ಏಣಿಗೆ ಕಾಲಿಟ್ಟೆ. ಆ ರಾತ್ರಿ ಕೆಳಗೆ ಪುಟ್ಟಿ ನಿದ್ದೆ ಮಾಡ್ತಿತ್ತು. ಒಂದು ಸಲಾನೂ ಕೆಮ್ಮಿಲ್ಲ. ಎಷ್ಟೋ ತಿಂಗಳ ಮೇಲೆ, ಒಂದು ಸಲಾನೂ. ನನ್ನ ಕೈಲಿ ಆಗಲಿಲ್ಲಪ್ಪ."

ಮುದುಕಿ ಅಳಲಿಲ್ಲ. ಅತ್ತಿದ್ದು ಮಗ.

ಇನ್‌ಸ್ಪೆಕ್ಟರ್ ಅಲ್ಲಿಂದಲೇ ಅರಣ್ಯಾಧಿಕಾರಿಗೆ ಫೋನು ಹಚ್ಚಿದರು. ಮಗುವಿನ ಕಾಯಿಲೆಯ ವಿಷಯ ಇಲಾಖೆಗೆ ಗೊತ್ತೇ ಇರಲಿಲ್ಲ. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. "ಅಂಗಳದಲ್ಲಿ ಕಂಬ ನೆಟ್ಟು ಪೆಟ್ಟಿಗೆ ಕಟ್ಟಿಸ್ತೀನಿ, ಮರಿ ಅದರಲ್ಲಿರ್ಲಿ. ದೊಡ್ಡವು ಕೂಗು ಕೇಳಿ ಅಲ್ಲೇ ಬಂದು ಉಣಿಸ್ತಾವೆ. ನಾಳೆಯಿಂದ ಅಟ್ಟ ತೊಳೆಸಿಕೊಳ್ಳಲಿ," ಎಂದರು ಅಧಿಕಾರಿ. ಮಾತು ಮುಗಿಯಲು ಐದು ನಿಮಿಷವೂ ಹಿಡಿಯಲಿಲ್ಲ. ಇಷ್ಟು ಸಲೀಸಾಗಿದ್ದ ಕೆಲಸಕ್ಕೆ ಇಷ್ಟೆಲ್ಲ ಆಯಿತಲ್ಲ ಎಂದು ಗೊಣಗುತ್ತ ಇನ್‌ಸ್ಪೆಕ್ಟರ್ ಫೋನು ಜೇಬಿಗಿಟ್ಟರು.

ಆದರೂ ಕಾನೂನು ಕಾನೂನೇ. ಮಧ್ಯಾಹ್ನ ಮೂರೂವರೆಗೆ ಬಂಧನದ ಮೆಮೊಗೆ ಮುದುಕಿ ಹೆಬ್ಬೆಟ್ಟು ಒತ್ತಿದಳು. ಸಂಜೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಿತ್ತು. ಜಾಮೀನಿಗೆ ಮಗ ಹಿಂದೆಯೇ ಹೊರಟ. ಪುಟ್ಟಿಯನ್ನು ನೋಡಿಕೊಳ್ಳಿ, ಕರುವಿಗೆ ಇನ್ನರ್ಧ ಹಾಲು ಬಾಕಿ ಇದೆ, ಕುಡಿಸಿ ಎಂದು ಪಕ್ಕದ ಮನೆಯವಳಿಗೆ ಕೂಗಿ ಹೇಳಿ ಮುದುಕಿ ಜೀಪು ಹತ್ತಿದಳು.

ಅರ್ಧ ದಾರಿಯಲ್ಲಿ ಅವಳು ಕೇಳಿದಳು, "ಸಾಹೇಬ್ರೇ, ಅವು ಹಸಿವಿನಿಂದಲೇ ಸತ್ತಿದ್ದಾ? ನಾನು ಕೊಟ್ಟ ಹಾಲು ಸಾಲಲಿಲ್ವಾ?"

ವರದಿ ಇನ್‌ಸ್ಪೆಕ್ಟರರ ತೊಡೆಯ ಮೇಲಿದ್ದ ಫೈಲಿನಲ್ಲೇ ಇತ್ತು. ಅವರು ರಸ್ತೆ ನೋಡುತ್ತ ಹೇಳಿದರು, "ಸಾಲಲಿಲ್ಲ ಅಜ್ಜಿ."

"ಇನ್ನೊಂದು ಸಲ ಹತ್ತಿ ಕೊಡಬೇಕಿತ್ತು," ಎಂದಳು ಮುದುಕಿ.

ಕೋರ್ಟಿನ ಅಂಗಳದಲ್ಲಿ ಅವಳನ್ನು ನೆರಳಿಗೆ ಕೂರಿಸಿ ಬಂದ ಕಾನ್‌ಸ್ಟೆಬಲ್ ತಗ್ಗಿದ ದನಿಯಲ್ಲಿ ಕೇಳಿದಳು, "ಸಾರ್, ವಿಚಾರಣೆಗೆ ಬಂದಾಗ ಆ ವರದೀನ ಓದೇ ಓದ್ತಾರಲ್ಲ?"

"ಓದ್ತಾರೆ. ಅಲ್ಲೀತನಕ ಹೋಗ್ಲಿ ಬಿಡಮ್ಮ," ಎಂದು ಇನ್‌ಸ್ಪೆಕ್ಟರ್ ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಒಳಗೆ ಹೋದರು.