ಬೆನ್ನ ಹಿಂದಿನ ದಾರಿ

"ಡ್ರಮ್ಮು ಎಲ್ಲಿ ಇಳಿಸ್ಲಿ, ಮೇಡಂ?"

ಆ ದನಿ ಕೇಳಿದ್ದೇ ತಡ, ಮಾನ್ಯಳ ಬಾಯಲ್ಲಿದ್ದ ಸೀಟಿ ಅರ್ಧಕ್ಕೇ ನಿಂತಿತು.

ಬೇಡ, ತಿರುಗಬೇಡ... ಎಂದು ಮನಸ್ಸು ಹೇಳುವಷ್ಟರಲ್ಲಿ ಕತ್ತು ತಿರುಗಿಯೇಬಿಟ್ಟಿತ್ತು. ಶಾಲೆಯ ಗೇಟಿನ ಬಳಿ ಗೂಡ್ಸ್ ಆಟೋ. ಅದರ ಪಕ್ಕದಲ್ಲಿ ಹೆಗಲಿಗೆ ಸೈಡ್ ಡ್ರಮ್ ನೇತುಹಾಕಿಕೊಂಡು ನಿಂತವನು... ಸಿದ್ದರಾಮು!

ಅವನನ್ನು ನೋಡಿ ಎರಡು ವರ್ಷವಾಗಿತ್ತು. ಅದೇ ಗುಂಗುರು ಕೂದಲು, ಅದೇ ಉದ್ದನೆಯ ಬೆರಳು. ಕಣ್ಣು ಮಾತ್ರ ನೆಲದ ಮೇಲೆ.

"ನೀವ್ಯಾಕೆ ಬಂದ್ರಿ?"

"ಹುಸೇನ್ ಮಾಮ ಕಳ್ಸವ್ರೆ. ಇಲ್ಲಿ ಮೆರವಣಿಗೆ ಮುಗುದ್ಮೇಲೆ ಇವೇ ಡ್ರಮ್ಮು ಸಾತನೂರಿನ ಮದ್ವೆಗೆ ಹೋಗ್ಬೇಕು. ಡ್ರಮ್ ಬಾರ್ಸೋನಿಗೆ ಜ್ವರ ಬಂದೈತಂತೆ. ಸಂಜೆ ನಾನೇ ಬಾರ್ಸ್ಬೇಕಂತೆ."

ಆ ಮದುವೆಯಲ್ಲಿ ಕ್ಲಾರಿನೆಟ್ ನುಡಿಸಬೇಕಾದವಳು ಮಾನ್ಯಳೇ!

ಬಿ.ಎಡ್. ಓದುತ್ತಿದ್ದ ಅವಳು ಮಾಗಡಿಯ ಆ ಹೈಸ್ಕೂಲಿಗೆ ತರಬೇತಿಗೆಂದು ಬಂದಿದ್ದಳು. ವಿಜ್ಞಾನ ಪಾಠ ಮಾಡಲು ಬಂದವಳ ಕೈಗೆ ಹೆಡ್‌ಮೇಷ್ಟ್ರು ಮಕ್ಕಳ ಬ್ಯಾಂಡನ್ನೂ ಒಪ್ಪಿಸಿದ್ದರು. ಇವತ್ತು ರಾಜ್ಯೋತ್ಸವ. ಬೆಳಿಗ್ಗೆ ಮಕ್ಕಳ ಬ್ಯಾಂಡು, ಸಂಜೆ ರಾಮನಗರದ ಹುಸೇನ್ ಮಾಮನ ಬ್ಯಾಂಡ್ ಸೆಟ್ಟು. ಉಸಿರು ಬಿಡಲೂ ಬಿಡುವಿಲ್ಲದ ಇಂಥ ದಿನವೇ ಇವನು ಬರಬೇಕಿತ್ತೇ?

ಮೆರವಣಿಗೆ ಹೊರಟಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ತಾಳ ತಪ್ಪಿತು.

"ಮಿಸ್! ನೀವು ಮುಂದುಕ್ ನೋಡ್ಕಂಡು ನಡುದ್ರೆ ನಿಮ್ ಕೈಯೇ ಕಾಣಕಿಲ್ಲ! ನಮ್ ಕಡೆ ತಿರುಗಿ ಮಿಸ್!" ಎಂದು ನವ್ಯಶ್ರೀ ಎಂಬ ಹುಡುಗಿ ಕೂಗಿದಳು.

"ಸುಮ್ನೆ ಬಾರಿಸಮ್ಮ!"

ಗದರಿಸಿದಳೇನೋ ನಿಜ. ಹುಡುಗಿ ಹೇಳಿದ್ದು ಸರಿ ಎಂದು ಅವಳಿಗೂ ಗೊತ್ತಿತ್ತು.

ಬ್ಯಾಂಡ್ ನಡೆಸುವವರು ಬಾರಿಸುವವರ ಕಡೆ ಮುಖ ಮಾಡಿ, ಹಿಂದಕ್ಕೆ ಹೆಜ್ಜೆ ಹಾಕಬೇಕು. ಅವರ ಬೆನ್ನ ಹಿಂದಿನ ದಾರಿಗೆ ಮುಂದಿನ ಸಾಲಿನ ಸೈಡ್ ಡ್ರಮ್ಮಿನವನೇ ಕಣ್ಣು. ಗುಂಡಿ, ಕಲ್ಲು ಕಂಡರೆ ಡ್ರಮ್ಮಿನ ಅಂಚಿಗೆ ಕಡ್ಡಿಯಿಂದ ಟಕ್ ಎಂದು ಹೊಡೆಯುತ್ತಾನೆ. ಒಂದೇಟಿಗೆ ಎಡಕ್ಕೆ, ಎರಡೇಟಿಗೆ ಬಲಕ್ಕೆ. ಹುಸೇನ್ ಮಾಮನ ಸೆಟ್ಟಿನ ಪದ್ಧತಿ ಅದು.

ರಾಮುವಿನ ಟಕ್ ನಂಬಿ ಅವಳು ಕಣ್ಣುಮುಚ್ಚಿಕೊಂಡು ಹಿಂದಕ್ಕೆ ನಡೆದ ದಿನಗಳಿದ್ದವು...

ಎರಡು ವರ್ಷದ ಹಿಂದೆ ಚನ್ನಪಟ್ಟಣದ ಒಂದು ಮದುವೆಯಲ್ಲಿ ಮಾತ್ರ ಟಕ್ ಬರಲಿಲ್ಲ. ಚರಂಡಿಗೆ ಬಿದ್ದಳು. ಜನ ಗೊಳ್ಳೆಂದು ನಕ್ಕರು. ಎಡಗೈ ಮಣಿಕಟ್ಟು ಮುರಿಯಿತು.

"ನಿನ್ ರಾಮು ಯಾವ್ದೋ ಹುಡ್ಗೀನ ನೋಡ್ತಾ ಮೈಮರ್ತು ನಿಂತಿದ್ದ ಕಣವ್ವ," ಎಂದು ಟ್ರಂಪೆಟ್ ಊದುವ ಲೋಕೇಶ ಆಸ್ಪತ್ರೆಗೆ ಬಂದು ಹೇಳಿದ್ದ.

ಅದನ್ನೂ ಕ್ಷಮಿಸುತ್ತಿದ್ದಳೇನೋ! ಒಮ್ಮೆ ಬಂದಿದ್ದರೆ ಸಾಕಿತ್ತು. ವಾರ್ಡಿನಲ್ಲಿ ಚಪ್ಪಲಿ ಸದ್ದಾದಾಗಲೆಲ್ಲ ಬಾಗಿಲಿನತ್ತ ನೋಡಿದ್ದಳು. ಅವನು ಬರಲಿಲ್ಲ. ಸೆಟ್ಟನ್ನೇ ಬಿಟ್ಟು, ಸಾತನೂರಿನ ಹಿಪ್ಪುನೇರಳೆ ತೋಟ ಸೇರಿಕೊಂಡನೆಂದು ಆಮೇಲೆ ಯಾರೋ ಹೇಳಿದರು.

ಅಂದಿನಿಂದ ಅವಳು ದಾರಿಗೆ ಬೆನ್ನು ಮಾಡಿದ್ದೇ ಇಲ್ಲ.

ಮಧ್ಯಾಹ್ನ ಆಟೋ ಸಾತನೂರಿಗೆ ಹೊರಟಾಗ ಇಬ್ಬರ ನಡುವೆ ಒಂದು ಡ್ರಮ್ ಕೂತಿತ್ತು.

"ಏನ್ ಮೇಡಂ, ಇಬ್ರೂ ಮೌನವ್ರತನಾ? ನಿಮಗಿಂತ ನನ್ ಆಟೋನೇ ವಾಸಿ, ಒಸಿ ಜಾಸ್ತಿ ಮಾತಾಡ್ತೈತೆ!" ಡ್ರೈವರ್ ವಾಸಿಂ ನಕ್ಕ.

ರಾಮನಗರ ದಾಟಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ.

"ಅವಳು ಚೆನ್ನಾಗಿದಾಳಾ?"

"ಯಾರು?"

"ಅವತ್ತು ನೋಡ್ತಿದ್ರಲ್ಲ... ಅವಳು."

ಡ್ರಮ್ಮಿನ ಮೇಲೆ ತಾಳ ಹಾಕುತ್ತಿದ್ದ ಅವನ ಬೆರಳುಗಳು ನಿಂತವು.

"ಚೆನ್ನಾಗವ್ಳೆ," ಎಂದ ಮೆಲ್ಲಗೆ.

"ಮದುವೆ ಆಯ್ತಾ ಅವಳಿಗೆ?"

"ಆದಂಗಿಲ್ಲ."

ಕೇಳಬಾರದಿತ್ತು... ಮಾನ್ಯ ಮುಖ ತಿರುಗಿಸಿಕೊಂಡಳು. ದಾರಿಯ ಪಕ್ಕದ ತೋಟಗಳೆಲ್ಲ ಕಣ್ಣೀರಿನಲ್ಲಿ ಕದಡಿಹೋದವು.

ಸಾತನೂರಿನಲ್ಲಿ ಗಂಡಿನ ಮೆರವಣಿಗೆ ಹೊರಡುವ ಹೊತ್ತಿಗೆ ದೀಪ ಹಚ್ಚಿದ್ದರು.

"ಬೇಟಿ, ಇವತ್ತು ನೀನೇ ನಡೆಸು. ನನ್ ಮಂಡಿ ಹಿಡ್ಕಂಡ್ಬುಟ್ಟೈತೆ. ನಮ್ ಕಡೆ ತಿರುಗು," ಎಂದರು ಹುಸೇನ್ ಮಾಮ.

"ಮುಂದಕ್ಕೇ ನಡೀತೀನಿ ಮಾಮ."

ಬೆಳಗಿನದೇ ಕಥೆಯಾಯಿತು. ಟ್ರಂಪೆಟ್ ಒಂದು ಕಡೆ, ಡ್ರಮ್ ಇನ್ನೊಂದು ಕಡೆ!

"ಏನ್ರೀ ಸಾಬ್ರೆ, ಬ್ಯಾಂಡ್ ಬಾರುಸ್ತಿದ್ದೀರೋ, ಹೊಲದಾಗೆ ಹಕ್ಕಿ ಓಡುಸ್ತಿದ್ದೀರೋ?" ಎಂದು ಗಂಡಿನ ಸೋದರಮಾವ ರೇಗಿಸಿದ. ಎಲ್ಲರೂ ನಕ್ಕರು.

ಹುಸೇನ್ ಮಾಮನ ಮುಖ ಸಣ್ಣದಾಯಿತು. ಅವಳಿಗೆ ಕ್ಲಾರಿನೆಟ್ ಹಿಡಿಯಲು ಕಲಿಸಿದವರು ಅವರೇ.

ಮಾನ್ಯ ಉಸಿರೆಳೆದುಕೊಂಡು... ತಿರುಗಿದಳು.

ಒಂದು ಹೆಜ್ಜೆ ಹಿಂದಕ್ಕೆ.

ಟಕ್!

ಎಡಕ್ಕೆ ಸರಿದಳು. ಪಕ್ಕದಲ್ಲೇ ಒಂದು ಜಲ್ಲಿ ಗುಡ್ಡೆ ದಾಟಿಹೋಯಿತು. ಟಕ್ ಟಕ್! ಬಲಕ್ಕೆ. ಯಾರೋ ನಿಲ್ಲಿಸಿದ್ದ ಬೈಕು ಹಿಂದೆ ಉಳಿಯಿತು.

ಒಂದೇ ಒಂದು ಏಟೂ ತಪ್ಪಲಿಲ್ಲ. ಸೆಟ್ಟು ಮತ್ತೆ ಒಂದಾಯಿತು. ಕ್ಲಾರಿನೆಟ್ ತಾನಾಗಿ ಹಾಡತೊಡಗಿತು.

ಆದರೆ ಅವನ ಕಣ್ಣು... ಅವಳ ಭುಜದಾಚೆಗಿನ ದಾರಿಯನ್ನು ಬಿಟ್ಟು ಕದಲಲಿಲ್ಲ. ಒಮ್ಮೆಯಾದರೂ ನನ್ನನ್ನು ನೋಡಬಾರದೇ? ಎದುರಿಗೇ ಇದ್ದವನಿಗಾಗಿ ಜೀವ ಇಷ್ಟು ಹಂಬಲಿಸುವುದು ಹೇಗೆ?

ಛತ್ರ ಬಂತು. ಗಂಡಿನ ಕಡೆಯವರೆಲ್ಲ ಒಳಗೆ ಹೋದರು. ಅವನು ತಲೆ ತಗ್ಗಿಸಿಕೊಂಡು ಡ್ರಮ್ಮಿನ ಪಟ್ಟಿ ಬಿಚ್ಚತೊಡಗಿದ.

"ದಾರಿ ಮುಗೀತಲ್ಲ ರಾಮು. ಈಗಲಾದ್ರೂ ನನ್ನ ನೋಡು."

"ಬ್ಯಾಡ."

"ಯಾಕೆ? ಅಷ್ಟು ಬೇಡವಾದ್ನಾ?"

"ಅವತ್ತು ನೋಡಿದ್ಕೇ ನೀನು ಬಿದ್ದಿದ್ದು, ಮಾನ್ಯ."

ಮಾನ್ಯ ಒಂದು ಹೆಜ್ಜೆ ಹತ್ತಿರ ಬಂದಳು.

"ಊದ್ತಾ ಊದ್ತಾ ಕಣ್ಣಲ್ಲೇ ನಕ್ಕೆ ನೀನು... ನಿನ್ ಬೆನ್ನು ಕಾಯ್ಬೇಕಾದೋನು ಮುಖ ನೋಡ್ತಾ ನಿಂತ್ಬುಟ್ಟೆ. ನಿನ್ ಕೈ ಮುರ್ದು ಹಾಕುದ್ನಲ್ಲ ಅಂತ... ಆಸ್ಪತ್ರೆ ಗೇಟ್ ದಾಟಕ್ಕೂ ಧೈರ್ಯ ಬರ್ನಿಲ್ಲ."

"ಹಂಗಾದ್ರೆ ಆಟೋದಲ್ಲಿ... 'ಚೆನ್ನಾಗವ್ಳೆ' ಅಂದಿದ್ದು?"

"ಚೆನ್ನಾಗೇ ಅವ್ಳಲ್ಲ."

ನಗುವೂ ಅಳುವೂ ಒಟ್ಟಿಗೇ ಬಂದವು. "ಮುರಿದ ಕೈ ಆಗಲೇ ಕೂಡ್ಕೊಳ್ತು ಕಣೋ! ನೀನು ಬರಲೇ ಇಲ್ವಲ್ಲ... ಅದು ಮಾತ್ರ ಇನ್ನೂ ನೋಯ್ತಿದೆ."

ಅವನು ಮೆಲ್ಲಗೆ ತಲೆ ಎತ್ತಿದ. ಎರಡು ವರ್ಷದ ಮೇಲೆ ಆ ಕಣ್ಣು ಅವಳ ಮುಖಕ್ಕೆ ಬಂದವು.

"ಇನ್ಮ್ಯಾಲೆ ಎಲ್ಗೂ ಹೋಗಕಿಲ್ಲ. ಮಾಮನ್ ಸೆಟ್ಟಲ್ಲೇ... ನಿನ್ ಎದ್ರುಗೇ ಇರ್ತೀನಿ. ಇರ್ಲಾ?"

ಮಾನ್ಯ ಅವನನ್ನೇ ನೋಡುತ್ತ ಒಂದು ಹೆಜ್ಜೆ ಹಿಂದಕ್ಕಿಟ್ಟಳು. ಮತ್ತೊಂದು...

"ಏಯ್, ಹಿಂದೆ..."

"ಬಾಯಲ್ಲಿ ಹೇಳ್ಬೇಡ. ದಾರೀನೂ ನೋಡ್ಬೇಡ. ನನ್ನೇ ನೋಡು."

ಅವಳ ಮುಖದಿಂದ ಕಣ್ಣು ಕೀಳದೆ ಅವನು ಕಡ್ಡಿ ಎತ್ತಿದ.

ಟಕ್.

ಅವಳು ಎಡಕ್ಕೆ ಸರಿದಳು. ಛತ್ರದ ಮೆಟ್ಟಿಲು ಅವಳ ಹಿಮ್ಮಡಿಯ ಪಕ್ಕದಲ್ಲೇ ಉಳಿಯಿತು.

"ನೋಡಿದ್ಯಾ? ಎರಡೂ ಆಗುತ್ತೆ," ಎಂದಳು ಮಾನ್ಯ.